ಸ್ವರ್ಗದಲ್ಲಿ ರಾತ್ರಿ ಪಾಳಿ ಯಾರದು?

ಮೈಸೂರು ಪಿಂಚಣಿದಾರರ ಸ್ವರ್ಗ ಎಂಬ ಮಾತು ಹಳೆಯದು. ಹವೆ ಚೆನ್ನ, ನೀರು ಚೆನ್ನ, ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು, ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ರಾಜಕೀಯ. ಕಾಲಲ್ಲಿ ಶಕ್ತಿ ಇರುವವರೆಗೆ ಇದೆಲ್ಲ ಸರಿಯೆ. ಕಾಲು ಸೋತ ಮೇಲೆ? ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ, ಸರಸ್ವತಿಪುರಂ ಮನೆಯ ಮೆಟ್ಟಿಲು ಹತ್ತಿಳಿಯಲಾರದ ತಾಯಿ ಒಬ್ಬರೇ. ಆಗ ಶುರು ಹುಡುಕಾಟ. ‘ಒಳ್ಳೇ ವೃದ್ಧಾಶ್ರಮ ಎಲ್ಲಿದೆ ಹೇಳ್ರೀ’ ಎಂದು ಕಂಡವರನ್ನೆಲ್ಲ ಕೇಳುವುದು.

ಹತ್ತು ದಿನದ ರಜೆ ಹಾಕಿ ಬಂದ ಮಗ ಏನು ನೋಡುತ್ತಾನೆ? ಮುಂದೆ ತೋಟ ಇದೆಯೇ, ದೇವರ ಮನೆ ಇದೆಯೇ, ಟೀವಿ ಎಷ್ಟು ದೊಡ್ಡದು. ಅಡಿಗೆ ಯಾರು ಮಾಡ್ತಾರೆ, ಸಸ್ಯಾಹಾರ ತಾನೆ? ವೀಡಿಯೋ ಕಾಲ್ ಮಾಡಲು ವೈಫೈ ಉಂಟೇ? ಅಡ್ವಾನ್ಸು ಎಷ್ಟು? ಇಷ್ಟು ಕೇಳಿ, ತಾಯಿಯ ಟ್ರಂಕು ಇಳಿಸಿ, ಕಣ್ಣೊರೆಸಿಕೊಂಡು ವಿಮಾನ ಹತ್ತುತ್ತಾನೆ. ಪಾಪ, ಅವನನ್ನು ಬೈದು ಪ್ರಯೋಜನವಿಲ್ಲ. ಆದರೆ ಕೇಳಲೇಬೇಕಾಗಿದ್ದ ಒಂದು ಪ್ರಶ್ನೆ ಕೇಳುವುದಿಲ್ಲ. ‘ರಾತ್ರಿ ಹತ್ತರ ಮೇಲೆ ಇಲ್ಲಿ ಎಷ್ಟು ಜನ ಎದ್ದಿರ್ತಾರೆ?’

ಅಧಿಕಾರಿಗಳೂ ಕೇಳುವುದಿಲ್ಲ. ಅವರು ಬರುವುದು ಬೆಳಗ್ಗೆ ಹನ್ನೊಂದಕ್ಕೆ. ಹನ್ನೊಂದು ಗಂಟೆಗೆ ಯಾವ ಆಶ್ರಮವೂ ಚೆಂದವೇ. ನೆಲ ಸಾರಿಸಿರುತ್ತದೆ, ಅಜ್ಜಿಯರು ತಲೆ ಬಾಚಿ ಕೂತಿರುತ್ತಾರೆ, ಒಗ್ಗರಣೆ ವಾಸನೆ ಬರುತ್ತಿರುತ್ತದೆ.

ಒಂಬತ್ತು ಗಂಟೆ ಕೆಲಸ, ಎಂಟು ಗಂಟೆ ರಾತ್ರಿ

ಮೂವತ್ತು ಮಂದಿ ಇರುವ ಒಂದು ಮನೆ ಎಂದಿಟ್ಟುಕೊಳ್ಳಿ. ಬೋರ್ಡಿನ ಮೇಲೆ ಯಾವ ಹೆಸರಾದರೂ ಇರಲಿ. ಅದರಲ್ಲಿ ಎಂಟು ಮಂದಿ ಹಾಸಿಗೆ ಹಿಡಿದವರು. ಮಗ್ಗಲು ಬದಲಿಸಲೂ ಆಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ತಿರುಗಿಸಿ ಮಲಗಿಸಬೇಕು ಎಂಬುದು ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಮೊದಲ ವರ್ಷವೇ ಹೇಳಿಕೊಡುವ ಪಾಠ. ತಿರುಗಿಸದಿದ್ದರೆ ಸೊಂಟ, ಹಿಮ್ಮಡಿ, ಬೆನ್ನ ಕೆಳಗೆ ರಕ್ತ ಹರಿಯದೆ ಚರ್ಮ ಕೊಳೆಯುತ್ತದೆ. ಅದೇ ಹಾಸಿಗೆ ಹುಣ್ಣು. ಒಳಗೆ ಮೂಳೆ ಕಾಣುವಷ್ಟು ಆಳಕ್ಕೆ ಹೋಗುತ್ತದೆ. ಬರುವುದು ಒಂದೆರಡು ದಿನದಲ್ಲಿ, ವಾಸಿಯಾಗುವುದು ತಿಂಗಳುಗಟ್ಟಲೆ, ಕೆಲವರಿಗೆ ವಾಸಿಯಾಗುವುದೇ ಇಲ್ಲ.

ಈಗ ಲೆಕ್ಕ ಹಾಕಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಂಟು ಗಂಟೆ. ಒಬ್ಬೊಬ್ಬರಿಗೆ 4 ಸಲ, ಎಂಟು ಮಂದಿಗೆ 32 ಸಲ. ತಿರುಗಿಸಿ, ಒದ್ದೆಯಾಗಿದ್ದರೆ ಬಟ್ಟೆ ಬದಲಿಸಿ, ಕೈ ತೊಳೆದುಕೊಂಡು ಬರಲು ಹತ್ತು ನಿಮಿಷ. ಒಟ್ಟು 320 ನಿಮಿಷ. ಮಿಕ್ಕ ಇಪ್ಪತ್ತೆರಡು ಮಂದಿ ತಲಾ ಒಂದೇ ಒಂದು ಸಲ ಬಚ್ಚಲಿಗೆ ಹೋಗಬೇಕೆಂದರೂ (ವಯಸ್ಸಾದವರು ಒಂದೇ ಸಲಕ್ಕೆ ನಿಲ್ಲಿಸುತ್ತಾರೆಯೇ!) ಇನ್ನು 220 ನಿಮಿಷ. ಕೂಡಿಸಿದರೆ 540 ನಿಮಿಷ, ಅಂದರೆ ಒಂಬತ್ತು ಗಂಟೆ. ರಾತ್ರಿ ಇರುವುದೇ ಎಂಟು ಗಂಟೆ. ಆ ಮನೆಯಲ್ಲಿ ರಾತ್ರಿಗೆ ಒಬ್ಬಳೇ ಆಯಾ ಇದ್ದರೆ, ಅವಳು ಒಂದು ಗಳಿಗೆ ಕೂರದೆ, ಒಂದು ಲೋಟ ನೀರು ಕುಡಿಯದೆ ದುಡಿದರೂ ಬೆಳಗಾಗುವಷ್ಟರಲ್ಲಿ ಒಂದು ಗಂಟೆ ಬಾಕಿ. ಯಾರಿಗೋ ಸುಸ್ತು ಬಂತು, ಯಾರೋ ವಾಂತಿ ಮಾಡಿಕೊಂಡರು, ಕರೆಂಟು ಹೋಯಿತು ಅಂದರೆ ಲೆಕ್ಕವೇ ಇಲ್ಲ.

ಆ ಬಾಕಿ ಒಂದು ಗಂಟೆಯನ್ನು ತೀರಿಸುವವರು ಯಾರು? ಒದ್ದೆ ಬಟ್ಟೆಯಲ್ಲೇ ಮಲಗಿದ ಅಜ್ಜಿ ತೀರಿಸುತ್ತಾಳೆ. ಕರೆದೂ ಕರೆದೂ ಯಾರೂ ಬಾರದೆ ತಾನೇ ಎದ್ದು ಹೊರಟು ಜಾರಿ ಬಿದ್ದ ತಾತ ತೀರಿಸುತ್ತಾನೆ.

ಬೀಳುವುದೆಂದರೆ ಸಣ್ಣ ವಿಷಯವಲ್ಲ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಬಿದ್ದು ಸಾಯುವುದೇ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಅರವತ್ತು ದಾಟಿದವರದು. ಸೊಂಟದ ಮೂಳೆ ಮುರಿದ ಎಂಬತ್ತರ ಮುದುಕಿ ಮತ್ತೆ ಮೊದಲಿನಂತೆ ಓಡಾಡಿದ್ದನ್ನು ಕಂಡವರು ಕಡಿಮೆ. ಬೀಳುವ ಜಾಗವೂ ಹೊಸದೇನಲ್ಲ. ಬಾಡಿಗೆಗೆ ಹಿಡಿದ ದೊಡ್ಡ ಮನೆ, ಕನ್ನಡಿಯಂತೆ ಪಾಲಿಶ್ ಮಾಡಿದ ಗ್ರಾನೈಟು, ಬಚ್ಚಲಿಗೆ ಒಂದು ಮೆಟ್ಟಿಲು ಇಳಿಯಬೇಕು, ಹಿಡಿದುಕೊಳ್ಳಲು ಗೋಡೆಯಲ್ಲಿ ಕಂಬಿ ಇಲ್ಲ, ರಾತ್ರಿ ದೀಪ ಇಲ್ಲ. ಬಾಗಿಲಿಗೆ ಒಳಗಡೆ ಚಿಲಕ ಬೇರೆ. ಒಳಗೆ ಬಿದ್ದವರನ್ನು ಎತ್ತಬೇಕಾದರೆ ಬಾಗಿಲು ಒಡೆಯಬೇಕು. ಕಂಬಿ ಹಾಕಿಸಲು, ಬಾಗಿಲನ್ನು ಹೊರಗಡೆಗೆ ತೆರೆಯುವಂತೆ ತಿರುಗಿಸಲು ಬಡಗಿಗೆ ಎಷ್ಟು ದಿನದ ಕೆಲಸ? ಒಂದು ದಿನ.

ಇನ್ನೊಂದು ಗುಟ್ಟು ಇದೆ, ಆಶ್ರಮದ ಅಡಿಗೆಯವರನ್ನು ಕೇಳಿದರೆ ಹೇಳುತ್ತಾರೆ. ಸಂಜೆ ಆರರ ಮೇಲೆ ಅಜ್ಜಿಯರು ನೀರು ಮುಟ್ಟುವುದಿಲ್ಲ. ಮಜ್ಜಿಗೆ ಕೊಟ್ಟರೂ ‘ಬೇಡಮ್ಮ’ ಅಂತಾರೆ. ಯಾಕೆ? ರಾತ್ರಿ ಏಳಬೇಕಾಗುತ್ತದೆ, ಎದ್ದರೆ ಕರೆದುಕೊಂಡು ಹೋಗುವವರಿಲ್ಲ, ಕರೆದರೆ ಬೈಗುಳ. ಮೊದಲೇ ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದು ಕಡಿಮೆ. ಹೀಗೆ ನೀರು ಬಿಟ್ಟು ಬಿಟ್ಟು ಮಲಬದ್ಧತೆ, ಮೂತ್ರದಲ್ಲಿ ಉರಿ, ಜ್ವರ, ಆಮೇಲೆ ಬುದ್ಧಿ ಕಲಕಿ ಏನೇನೋ ಮಾತು. ‘ಅಜ್ಜಿಗೆ ಅರಳು ಮರಳು’ ಎಂದು ಎಲ್ಲರೂ ನಗುತ್ತಾರೆ. ಅರಳು ಮರಳಲ್ಲ ಸ್ವಾಮಿ, ಬಾಯಾರಿಕೆ.

ಬಸ್ಸು ಬಿಟ್ಟಿ, ಬೆನ್ನು ಬಿಟ್ಟಿಯಲ್ಲ

ಆಯಾ ಎಂದರೆ ಯಾರು? ನಂಜನಗೂಡು, ತಿ.ನರಸೀಪುರ, ಎಚ್.ಡಿ.ಕೋಟೆ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳು. ಗಂಡ ಇಲ್ಲದವಳು, ಇದ್ದೂ ಇಲ್ಲದವಳು, ಮಗಳ ಪಿ.ಯು.ಸಿ. ಫೀಸಿಗೆ ಸಾಲ ಮಾಡಿದವಳು. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಅದರಿಂದ ಇವರಿಗೆ ದೊಡ್ಡ ಉಪಕಾರವಾಗಿದೆ, ಇಲ್ಲ ಎನ್ನಬಾರದು. ಆದರೆ ಬಸ್ಸು ಬಿಟ್ಟಿಯಾದ ಹಾಗೆ ಬೆನ್ನು ಬಿಟ್ಟಿಯಲ್ಲ. ಅರವತ್ತು ಕೆ.ಜಿ. ತೂಕದ ಅಜ್ಜನನ್ನು ತಗ್ಗಾದ ಮಂಚದಿಂದ ಒಬ್ಬಳೇ ಬಗ್ಗಿ ಎತ್ತಿದರೆ ಏನಾಗುತ್ತದೆ? ಅಕ್ಕಿ ಮೂಟೆ ಹೊರುವ ಹಮಾಲಿ ಕೂಡ ಇನ್ನೊಬ್ಬನ ಕೈ ಕೊಡಿಸಿಕೊಂಡು ಹೆಗಲಿಗೇರಿಸಿಕೊಳ್ಳುತ್ತಾನೆ. ಅಕ್ಕಿ ಮೂಟೆಯಾದರೂ ಒದೆಯುವುದಿಲ್ಲ, ಕೂದಲು ಹಿಡಿದೆಳೆಯುವುದಿಲ್ಲ.

ಎತ್ತುವುದಕ್ಕೆ ಒಂದು ವಿದ್ಯೆ ಇದೆ. ಮಡಿಸಿದ ದುಪ್ಪಟಿಯನ್ನು ಮಲಗಿದವರ ಅಡಿಗೆ ಹಾಕಿ ಎರಡು ಕಡೆಯಿಂದ ಇಬ್ಬರು ಹಿಡಿದು ಸರಿಸಿದರೆ ಅವರಿಗೂ ನೋವಿಲ್ಲ, ಇವರಿಗೂ ಬೆನ್ನು ಉಳಿಯುತ್ತದೆ. ಮಂಚ ಸೊಂಟದ ಎತ್ತರಕ್ಕಿದ್ದರೆ ಇನ್ನೂ ಸಲೀಸು. ಮಲಗಿದವರನ್ನು ಏಳಿಸುವ ಮುಂಚೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಿಸಬೇಕು. ಗಕ್ಕನೆ ನಿಲ್ಲಿಸಿದರೆ ರಕ್ತದ ಒತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಇದನ್ನೆಲ್ಲ ಕಲಿಸಲು ಒಂದು ದಿನ ಸಾಕು, ಊರಿನಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವೂ ಇಲ್ಲ. ಆದರೆ ಇಬ್ಬರು ಹಿಡಿಯಬೇಕು ಎಂದ ಮೇಲೆ ಇಬ್ಬರು ಇರಬೇಕಲ್ಲ! ಎಲ್ಲ ವಿದ್ಯೆಯೂ ಅಲ್ಲಿಗೆ ಬಂದು ನಿಲ್ಲುತ್ತದೆ.

ಬೆನ್ನು ಹಿಡಿದುಕೊಂಡವಳು ನಾಲ್ಕು ದಿನ ಬರುವುದಿಲ್ಲ. ಐದನೇ ದಿನ ಇನ್ನೊಬ್ಬಳು ಬಂದಿರುತ್ತಾಳೆ. ಇ.ಎಸ್.ಐ. ಅನ್ವಯವಾಗಲು ಕೆಲಸದವರು ಹತ್ತು ಮಂದಿ ಇರಬೇಕೆಂಬುದು ನಿಯಮ. ಒಂಬತ್ತು ಮಂದಿ ಇರುವ ಕಡೆ ಆಯಾಗೆ ಕಾಯಿಲೆ ಬಂದರೆ ಅದು ಅವಳ ಸ್ವಂತ ಆಸ್ತಿ. ಹೊಸಬಳಿಗೆ ಯಾವ ಅಜ್ಜಿಗೆ ಯಾವ ಮಂಡಿ ನೋವು, ಯಾರು ಕಾಫಿ ಕೊಡದಿದ್ದರೆ ಮಾತ್ರೆ ನುಂಗುವುದಿಲ್ಲ, ಯಾರಿಗೆ ಕಿವಿ ಕೇಳದು ಒಂದೂ ಗೊತ್ತಿಲ್ಲ. ಗೊತ್ತಾಗುವಷ್ಟರಲ್ಲಿ ಅವಳ ಬೆನ್ನಿನ ಸರದಿ. ಆಯಾ ಬದಲಾದಷ್ಟೂ ಅಜ್ಜಿ ಬೀಳುತ್ತಾಳೆ. ಎರಡೂ ಒಂದೇ ದಾರದ ಎರಡು ತುದಿ.

ಕಜ್ಜಿಯ ವಿಷಯವನ್ನೇ ನೋಡಿ. ಒಟ್ಟಿಗೆ ಮಲಗುವ, ಒಟ್ಟಿಗೆ ಬಟ್ಟೆ ಒಗೆಸುವ ಕಡೆ ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಬಂದಂತೆ. ಮೊದಲ ಸಲ ಅಂಟಿದವರಿಗೆ ನಾಲ್ಕರಿಂದ ಆರು ವಾರ ಕೆರೆತವೇ ಇರುವುದಿಲ್ಲ, ಅಷ್ಟರಲ್ಲಿ ಅದು ಊರೆಲ್ಲ ಸುತ್ತಿರುತ್ತದೆ. ಕೆರೆದವರಿಗಷ್ಟೇ ಮುಲಾಮು ಹಚ್ಚಿದರೆ ಹೋಗುವುದಿಲ್ಲ. ಎಲ್ಲ ನಿವಾಸಿಗಳಿಗೂ, ಎಲ್ಲ ಕೆಲಸದವರಿಗೂ, ಕೆಲಸದವರ ಮನೆಯವರಿಗೂ ಒಂದೇ ದಿನ ಹಚ್ಚಬೇಕು, ಅದೇ ದಿನ ಬಟ್ಟೆ ಬರೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಆಯಾಗೆ ಮುಲಾಮು ಕೊಡದೆ ಉಳಿಸಿದ ದುಡ್ಡಿಗೆ ಅವಳ ಮಗು ಹಳ್ಳಿಯಲ್ಲಿ ಕೆರೆದುಕೊಳ್ಳುತ್ತದೆ, ಆಶ್ರಮಕ್ಕೆ ಕಜ್ಜಿ ಮರಳಿ ಬರುತ್ತದೆ. ಇನ್ಸುಲಿನ್ ಸೂಜಿಯೂ ಹಾಗೆಯೇ. ಚುಚ್ಚಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಬೆರಳು ಚುಚ್ಚಿಸಿಕೊಳ್ಳುವವರಿಗೆ ಹೆಪಟೈಟಿಸ್-ಬಿ ಲಸಿಕೆ ಹಾಕಿಸಿದ್ದೀರಾ ಎಂದು ಕೇಳಿದರೆ, ಎಷ್ಟು ಮ್ಯಾನೇಜರುಗಳು ಬಾಯಿ ಬಿಟ್ಟಾರು?

ಇನ್ನು ಅವಮಾನ. ಮರೆವಿನ ಕಾಯಿಲೆಯವರು ಹೊಡೆದರೆ, ಪರಚಿದರೆ ಆಯಾಗಳು ಸಹಿಸುತ್ತಾರೆ, ‘ಅವರಿಗೇನು ಗೊತ್ತು ಪಾಪ’ ಅಂತಾರೆ. ಸಹಿಸಲಾಗದ್ದು ಬೇರೆ. ಬುದ್ಧಿ ನೆಟ್ಟಗಿರುವವರೇ ‘ನೀನು ಯಾವ ಪೈಕಿ?’ ಎಂದು ಕೇಳಿ ಅವಳು ತಂದ ನೀರನ್ನು ಪಕ್ಕಕ್ಕಿಡುವುದು. ರಾತ್ರಿ ತಮ್ಮ ಮೈ ಒರೆಸಲು ಅದೇ ಕೈ ಬೇಕು, ಬೆಳಗ್ಗೆ ನೀರಿಗೆ ಬೇಡ! ಬಳೆ ಕಾಣಿಸದಿದ್ದರೆ ಮೊದಲು ಜಾಲಾಡುವುದು ಅವಳ ಚೀಲವನ್ನೇ. ಬಳೆ ದಿಂಬಿನ ಕೆಳಗೆ ಸಿಕ್ಕ ಮೇಲೆ ಅವಳ ಕ್ಷಮೆ ಕೇಳಿದವರುಂಟೇ? ಮಾಲೀಕರೂ ಮಕ್ಕಳೂ ಇಂಥ ಕಡೆ ‘ಹಳೇ ಕಾಲದವರು, ಬಿಡಮ್ಮ’ ಎಂದು ತೇಲಿಸಿಬಿಡುತ್ತಾರೆ. ಸೇರಿಸಿಕೊಳ್ಳುವ ದಿನವೇ ‘ಇಲ್ಲಿ ಇದು ನಡೆಯೋದಿಲ್ಲ’ ಎಂದು ಹೇಳಿದರೆ ಯಾರ ಮನೆಯ ಗಂಟೂ ಹೋಗುವುದಿಲ್ಲ.

ಕಟ್ಟುವ ಸೀರೆ, ಕೊಡುವ ಮಾತ್ರೆ

ಒಬ್ಬಳೇ ಇರುವ ರಾತ್ರಿಗೆ ಎರಡು ಅಡ್ಡದಾರಿಗಳಿವೆ. ಒಂದು ನಿದ್ದೆ ಮಾತ್ರೆ. ಇನ್ನೊಂದು ಹಳೇ ಸೀರೆ ಹರಿದು ಮಂಚಕ್ಕೆ ಕಟ್ಟುವುದು. ‘ಬೀಳಬಾರದಲ್ಲ ಸಾರ್, ಅದಕ್ಕೇ’ ಎಂಬ ಸಮಾಧಾನ ಬೇರೆ. ಮಾತ್ರೆ ತಿಂದ ಮುದುಕರು ಇನ್ನೂ ಹೆಚ್ಚು ಬೀಳುತ್ತಾರೆ, ಅರೆನಿದ್ದೆಯಲ್ಲಿ ಎದ್ದು ತೂರಾಡುತ್ತಾರೆ. ಡಾಕ್ಟರು ಬರೆಯದ ನಿದ್ದೆ ಮಾತ್ರೆ ಕೊಡುವುದು ಆರೈಕೆಯಲ್ಲ.

ಕಟ್ಟುವುದಂತೂ ಅದಕ್ಕಿಂತ ಕೆಟ್ಟದ್ದು. ತಮಿಳುನಾಡಿನ ಏರ್ವಾಡಿಯನ್ನು ಮರೆತವರು ಒಮ್ಮೆ ನೆನೆಸಿಕೊಳ್ಳಲಿ. 2001ರ ಆಗಸ್ಟ್ 6ರ ಬೆಳಗಿನ ಜಾವ ಅಲ್ಲಿನ ದರ್ಗಾದ ಬಳಿ ಮಾನಸಿಕ ರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಒಂದು ಖಾಸಗಿ ಮನೆಗೆ ಬೆಂಕಿ ಬಿತ್ತು. ರೋಗಿಗಳನ್ನು ಸರಪಳಿಯಲ್ಲಿ ಬಿಗಿದಿದ್ದರು. 28 ಮಂದಿ ಸತ್ತರು. ಅದು ವೃದ್ಧಾಶ್ರಮವಲ್ಲ, ಊರೂ ದೂರದ್ದು ನಿಜ. ಆದರೆ ನೋಡಿಕೊಳ್ಳುವ ಕೈ ಸಾಲದಾಗ ಕಟ್ಟಿಹಾಕುವ ಬುದ್ಧಿ ಒಂದೇ. ಇನ್ನೂ ಹತ್ತಿರದ ಕಾಲದ್ದು ಬೇಕೇ? 2023ರ ಹೊಸ ವರ್ಷದ ದಿನವೇ ದೆಹಲಿಯ ಗ್ರೇಟರ್ ಕೈಲಾಶ್ ಬಡಾವಣೆಯಲ್ಲಿ ಹಿರಿಯರ ಆರೈಕೆ ಮನೆಯೊಂದಕ್ಕೆ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ಸತ್ತರು. ಅದು ದುಡ್ಡುಳ್ಳವರ ಬಡಾವಣೆ.

ಇಲ್ಲಿಯ ಮನೆಗಳಲ್ಲಿ ಕಿಟಕಿಗೆಲ್ಲ ಕಬ್ಬಿಣದ ಗ್ರಿಲ್ಲು, ರಾತ್ರಿ ಗೇಟಿಗೆ ಬೀಗ, ಬೀಗದ ಕೈ ಮ್ಯಾನೇಜರ ಸೊಂಟದಲ್ಲಿ, ಮ್ಯಾನೇಜರು ತಮ್ಮ ಮನೆಯಲ್ಲಿ! ನಡೆಯಲಾರದವರು ಮಹಡಿಯ ಮೇಲೆ. ಮೆಟ್ಟಿಲ ಕೆಳಗೆ ಒಂದು ಕೆಂಪು ಸಿಲಿಂಡರು, ಅದರ ಪಿನ್ನು ಹೇಗೆ ಎಳೆಯಬೇಕೆಂದು ಒಳಗಿರುವ ಯಾರಿಗೂ ಗೊತ್ತಿಲ್ಲ. ಹಾಸಿಗೆ ಹಿಡಿದವರು ನೆಲ ಅಂತಸ್ತಿನಲ್ಲಿರಲಿ, ಬೀಗದ ಕೈ ಬಾಗಿಲ ಪಕ್ಕದ ಮೊಳೆಗೆ ನೇತಾಡಲಿ ಎಂದರೆ ಖರ್ಚು ಎಷ್ಟು? ಮೊಳೆಯ ಖರ್ಚು.

ಕಾಯಿದೆ ಏನನ್ನುತ್ತದೆ

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ ಬಂದದ್ದು 2007ರಲ್ಲಿ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು ಎಂಬ ಭಾಗ ಎಲ್ಲರಿಗೂ ಗೊತ್ತು. ಅದೇ ಕಾಯಿದೆಯ 19ನೇ ಕಲಮನ್ನು ಓದಿದವರು ಕಡಿಮೆ. ಜಿಲ್ಲೆಗೆ ಕನಿಷ್ಠ ಒಂದರಂತೆ, ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಜಾಗವಿರುವ ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸಬಹುದು, ವೃದ್ಧಾಶ್ರಮಗಳಲ್ಲಿ ಎಂಥ ಸೌಕರ್ಯ ಇರಬೇಕು, ಎಂಥ ಮಟ್ಟ ಇರಬೇಕು ಎಂದು ಯೋಜನೆ ಮಾಡಿ ಗೊತ್ತುಪಡಿಸಬಹುದು ಎಂದಿದೆ ಅಲ್ಲಿ. ‘ಬಹುದು’! ಈ ‘ಬಹುದು’ ಎಂಬ ಮೂರಕ್ಷರದ ಮೇಲೆ ಎಷ್ಟೋ ಸರ್ಕಾರಗಳು ಹಾಯಾಗಿ ಕಾಲು ಚಾಚಿ ಮಲಗಿವೆ.

ಅನಾಥ ಮಕ್ಕಳ ಮನೆ ನಡೆಸಬೇಕಾದರೆ 2015ರ ಬಾಲನ್ಯಾಯ ಕಾಯಿದೆಯಡಿ ನೋಂದಣಿ ಕಡ್ಡಾಯ. ನರ್ಸಿಂಗ್ ಹೋಂ ತೆರೆದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಇದೆ. ಮುದುಕರ ಮನೆಗೆ ಅಷ್ಟು ಬಿಗಿ ಇಲ್ಲ. 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಒಂದು ತಿದ್ದುಪಡಿ ಮಸೂದೆ ಬಂತು. ಖಾಸಗಿ ಆರೈಕೆ ಮನೆಗಳೆಲ್ಲ ನೋಂದಣಿಯಾಗಬೇಕು, ಕನಿಷ್ಠ ಮಟ್ಟ ಪಾಲಿಸಬೇಕು ಎಂಬುದು ಅದರಲ್ಲಿತ್ತು. ಮಸೂದೆ ಕಾಯಿದೆಯಾಗಲಿಲ್ಲ. 2024ರಲ್ಲಿ ಆ ಲೋಕಸಭೆಯ ಜೊತೆಗೇ ಅದರ ಕತೆಯೂ ಮುಗಿಯಿತು. ಇನ್ನು ಹಿರಿಯರ ಸಹಾಯವಾಣಿ 14567 ಇದೆ, ಒಳ್ಳೆಯ ಕೆಲಸವನ್ನೇ ಮಾಡುತ್ತಿದೆ. ಅದರ ವೇಳೆ ಬೆಳಗ್ಗೆ ಎಂಟರಿಂದ ರಾತ್ರಿ ಎಂಟು. ರಾತ್ರಿ ಎರಡಕ್ಕೆ ಬಿದ್ದವರು ಬೆಳಗಾಗುವವರೆಗೆ ತಡೆದುಕೊಳ್ಳಬೇಕು.

ಫ್ಯಾನಿನ ರೆಕ್ಕೆಯ ಮೇಲಿನ ಹೆಸರು

ಆಶ್ರಮ ನಡೆಸುವವರ ಮಾತನ್ನೂ ಕೇಳಬೇಕು. ‘ಇನ್ನಿಬ್ಬರು ಆಯಾ ಇಡಿ ಅಂತೀರಿ. ಸಂಬಳ ಎಲ್ಲಿಂದ ತರೋಣ? ಫೀಸು ಏರಿಸಿದರೆ ಅರ್ಧ ಜನ ಬಿಟ್ಟು ಹೋಗ್ತಾರೆ. ಇನ್ನರ್ಧ ಜನಕ್ಕೆ ಫೀಸು ಕೊಡೋರೇ ಇಲ್ಲ.’ ಇದರಲ್ಲಿ ಸುಳ್ಳಿಲ್ಲ. ಎಷ್ಟೋ ಕಡೆ ಒಬ್ಬ ಪುಣ್ಯಾತ್ಮ ತನ್ನ ಪಿಂಚಣಿ ಸುರಿದು ನಡೆಸುತ್ತಿರುತ್ತಾನೆ. ಕಾಯಿದೆಯ ದೊಣ್ಣೆ ಎತ್ತಿದರೆ ಅಂಥವನೇ ಮೊದಲು ಬಾಗಿಲು ಹಾಕುತ್ತಾನೆ, ದುಡ್ಡು ಮಾಡುವವನು ಹೇಗೋ ಪಾರಾಗುತ್ತಾನೆ. ಬಾಗಿಲು ಹಾಕಿದ ಮೇಲೆ ಆ ಮುದುಕರು ಎಲ್ಲಿಗೆ ಹೋಗಬೇಕು, ಕೆ.ಆರ್. ಆಸ್ಪತ್ರೆಯ ವೆರಾಂಡಕ್ಕೋ?

ಆದರೆ ಊರಿನಲ್ಲಿ ದಾನಕ್ಕೆ ಬರವಿಲ್ಲ. ಹುಟ್ಟುಹಬ್ಬಕ್ಕೆ ಊಟ, ಮದುವೆ ವಾರ್ಷಿಕೋತ್ಸವಕ್ಕೆ ಊಟ, ತಿಥಿಗೆ ಊಟ, ಮುಖಂಡರ ಜನ್ಮದಿನಕ್ಕೆ ಹಣ್ಣು ಬ್ರೆಡ್ಡು. ಒಂದೇ ಭಾನುವಾರ ಎರಡು ಕಡೆಯವರು ಹೋಳಿಗೆ ತಂದು, ಸಕ್ಕರೆ ಕಾಯಿಲೆಯ ಅಜ್ಜಿಯ ಕೈಗೆ ಜಿಲೇಬಿ ಕೊಟ್ಟು, ‘ಅಜ್ಜಿ ಸ್ವಲ್ಪ ಇತ್ಲಾಗೆ ನೋಡಿ’ ಎಂದು ಫೋಟೋ ಹಿಡಿಸಿಕೊಂಡು ಹೋಗುತ್ತಾರೆ. ಆ ರಾತ್ರಿಯ ಹೊಟ್ಟೆ ಕೆಟ್ಟದ್ದನ್ನು ಬಳಿಯುವವಳು ಅದೇ ಒಬ್ಬ ಆಯಾ. ಆಶ್ರಮದ ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರಿದೆ, ಗಡಿಯಾರದ ಮೇಲಿದೆ, ಬೀರುವಿನ ಮೇಲಿದೆ, ಕಲ್ಲುಬೆಂಚಿನ ಮೇಲಿದೆ. ರಾತ್ರಿ ಪಾಳಿಯ ಆಯಾಳ ಸಂಬಳದ ಮೇಲೆ ಮಾತ್ರ ಯಾರ ಹೆಸರೂ ಇಲ್ಲ. ಸಂಬಳಕ್ಕೆ ಪೇಂಟಿನಲ್ಲಿ ಹೆಸರು ಬರೆಯಲು ಜಾಗವಿಲ್ಲವಲ್ಲ, ಅದಕ್ಕೇ ಇರಬೇಕು.

ಒಂದು ಬಡಾವಣೆಯ ಸಂಘದವರು ವರ್ಷದ ಹೋಳಿಗೆ ಖರ್ಚನ್ನು ಒಟ್ಟುಗೂಡಿಸಿ ಒಂದು ಆಶ್ರಮಕ್ಕೆ ರಾತ್ರಿಯ ಎರಡನೇ ಆಯಾಳನ್ನು ಕೊಡಿಸಲಿ ನೋಡೋಣ. ರೋಟರಿ, ಲಯನ್ಸ್‌ನವರು ಬಚ್ಚಲಿನ ಕಂಬಿ, ಜಾರದ ಚಾಪೆ, ಎತ್ತರ ಮಾಡಿದ ಮಂಚ ಕೊಡಿಸಲಿ. ನರ್ಸಿಂಗ್ ಕಾಲೇಜುಗಳು ತಿಂಗಳಿಗೊಂದು ದಿನ ಬಂದು ಆಯಾಗಳಿಗೆ ಎತ್ತುವ, ತಿರುಗಿಸುವ ಪಾಠ ಮಾಡಲಿ, ತಮ್ಮ ಹುಡುಗಿಯರಿಗೂ ಕಲಿತಂತಾಗುತ್ತದೆ. ಬೇಕಿದ್ದರೆ ಫೋಟೋ ಹಿಡಿಸಿಕೊಳ್ಳಲಿ, ಯಾರೂ ಬೇಡ ಎನ್ನುವುದಿಲ್ಲ.

ಜಿಲ್ಲಾಡಳಿತ ಮಾಡಬೇಕಾದ್ದು ಇನ್ನೂ ಕಡಿಮೆ. ಹಿರಿಯ ನಾಗರಿಕರ ಇಲಾಖೆಯವರೋ ಉಪವಿಭಾಗಾಧಿಕಾರಿಗಳೋ ಒಂದೇ ಒಂದು ಸಲ, ಹೇಳದೆ ಕೇಳದೆ, ರಾತ್ರಿ ಎರಡು ಗಂಟೆಗೆ ಜೀಪು ತೆಗೆಯಲಿ. ನಾಲ್ಕು ಮನೆಗಳ ಬಾಗಿಲು ತಟ್ಟಲಿ. ಬಾಗಿಲು ತೆರೆಯಲು ಎಷ್ಟು ಹೊತ್ತಾಯಿತು, ತೆರೆದವಳು ಒಬ್ಬಳೋ ಇಬ್ಬರೋ, ಒಳಗೆ ಎಷ್ಟು ತಲೆ, ಅದರಲ್ಲಿ ಏಳಲಾರದವರು ಎಷ್ಟು ಎಂದು ಬರೆದುಕೊಳ್ಳಲಿ. ಕೇಸು ಹಾಕಲು ಅಲ್ಲ, ಲೆಕ್ಕಕ್ಕೆ. ಆ ಲೆಕ್ಕವನ್ನು ಪ್ರತಿ ಆಶ್ರಮವೂ ತನ್ನ ಗೇಟಿನ ಬೋರ್ಡಿನಲ್ಲಿ ಬರೆದು ಹಾಕಬೇಕೆಂದು ಒಂದು ಸುತ್ತೋಲೆ ಹೊರಡಿಸಲಿ: ಇರುವವರು ಇಷ್ಟು, ಹಾಸಿಗೆ ಹಿಡಿದವರು ಇಷ್ಟು, ರಾತ್ರಿ ಎದ್ದಿರುವವರು ಇಷ್ಟು. ವಿಮಾನಕ್ಕೆ ಹೊತ್ತಾಯಿತೆಂದು ಅವಸರದಲ್ಲಿರುವ ಮಗನಿಗೂ ಅದು ಟ್ರಂಕು ಇಳಿಸುವ ಮುಂಚೆಯೇ ಕಾಣುತ್ತದೆ.